ವಿನ್ಯಾಸ ಬದಲಾದ ಸುದ್ದಿತಾಣದಲ್ಲಿ ಹಳೆಯ ಸಿನಿಮಾ, ರಂಗಭೂಮಿ ಬರಹಗಳು ಸಿಗದಿದ್ದರೆ: ದೋಷ ನಿವಾರಣೆ ಕೈಪಿಡಿ

ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ನಡೆಯುವ ಸಣ್ಣ ಸುದ್ದಿತಾಣಗಳು ಹೊಸ ವಿನ್ಯಾಸಕ್ಕೆ ಬದಲಾದ ಮೊದಲ ವಾರದಲ್ಲೇ ಕಚೇರಿಗೆ ದೂರುಗಳು ಬರಲು ತೊಡಗುತ್ತವೆ. ಮುಖಪುಟ ಚೆನ್ನಾಗಿದೆ, ಮೊಬೈಲ್‌ನಲ್ಲಿ ಬೇಗ ತೆರೆಯುತ್ತದೆ, ಆದರೆ ಕೆಲವು ವರ್ಷಗಳ ಹಿಂದಿನ ನಾಟಕ ವಿಮರ್ಶೆ, ಕಲಾವಿದರ ಸಂದರ್ಶನ, ಸಿನಿಮಾ ಪುರವಣಿಯ ಲೇಖನ ಮಾತ್ರ ಸಿಗುತ್ತಿಲ್ಲ ಎಂಬುದು ಅವುಗಳ ಸಾರ. ಮನರಂಜನೆ ವಿಭಾಗಕ್ಕೇ ಪೆಟ್ಟು ಹೆಚ್ಚು ಬೀಳಲು ಕಾರಣವಿದೆ. ಚಿತ್ರ, ವಿಡಿಯೊ, ಫೋಟೊ ಗ್ಯಾಲರಿಗಳು ಇಲ್ಲಿಯೇ ಹೆಚ್ಚು. ವಿನ್ಯಾಸ ಬದಲಿಸುವವರು ಉಪವಿಭಾಗಗಳನ್ನು ಒಗ್ಗೂಡಿಸುವುದೂ ಇಲ್ಲಿಯೇ. ರಂಗಭೂಮಿ, ಬಯಲಾಟ, ಸಂಗೀತ, ಕಿರುತೆರೆ ಎಲ್ಲವೂ ಒಂದೇ ದಿನದಲ್ಲಿ ‘ಸಿನಿಮಾ’ ಎಂಬ ಒಂದೇ ಹೆಸರಿನಡಿ ಸೇರಿ ಕಣ್ಮರೆಯಾಗುತ್ತವೆ.

ಹಳೆಯ ಮನರಂಜನೆ ಸುದ್ದಿಯನ್ನು ಯಾರು ಓದುತ್ತಾರೆ ಎಂದು ಕೇಳುವವರಿಗೆ ಉತ್ತರ ನಮ್ಮ ಜಿಲ್ಲೆಗಳಲ್ಲೇ ಇದೆ. 2020ರಲ್ಲಿ ರಂಗಕಲಾವಿದೆ ಸುಭದ್ರಮ್ಮ ಮನ್ಸೂರು ತೀರಿಕೊಂಡಾಗ, 2023ರಲ್ಲಿ ತೊಗಲುಗೊಂಬೆಯಾಟದ ಬೆಳಗಲ್ಲು ವೀರಣ್ಣ ತೀರಿಕೊಂಡಾಗ, 2025ರಲ್ಲಿ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ಬೇಕಾಗಿದ್ದು ಹಳೆಯ ಸಂದರ್ಶನಗಳು, ಹಳೆಯ ಪ್ರದರ್ಶನಗಳ ವರದಿಗಳು. ದೊಡ್ಡ ನಟರ ಸುದ್ದಿ ಬೆಂಗಳೂರಿನ ಹತ್ತು ಪತ್ರಿಕೆಗಳಲ್ಲಿ ಉಳಿದಿರುತ್ತದೆ. ಸಿರುಗುಪ್ಪ ಕಡೆಯ ಹಳ್ಳಿಯ ದೊಡ್ಡಾಟದ ವರದಿ ನಿಮ್ಮ ತಾಣ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಪತ್ರಿಕಾ ತುಣುಕುಗಳನ್ನು ಲಗತ್ತಿಸುವ ರೂಢಿಯಿದೆ. ಮುದುಕರೊಬ್ಬರ ಅರವತ್ತು ವರ್ಷದ ಕಲಾಸೇವೆಗೆ ನಿಮ್ಮ ತಾಣದ ಒಂದು ಪುಟವೇ ಇರುವ ಏಕೈಕ ಲಿಖಿತ ಸಾಕ್ಷಿಯಾಗಿರಬಹುದು.

ಸಮಾಧಾನದ ಸಂಗತಿಯೆಂದರೆ, ಕಾಣೆಯಾದ ಬರಹಗಳಲ್ಲಿ ಬಹುಪಾಲು ನಿಜವಾಗಿ ಅಳಿಸಿಹೋಗಿರುವುದಿಲ್ಲ. ಅವುಗಳ ವಿಳಾಸ ತಪ್ಪಿರುತ್ತದೆ, ಅಕ್ಷರ ಕೆಟ್ಟಿರುತ್ತದೆ, ಇಲ್ಲವೇ ಹುಡುಕಾಟಕ್ಕೆ ಸಿಗದಂತಾಗಿರುತ್ತದೆ. ಅವಸರದಲ್ಲಿ ಎಲ್ಲವನ್ನೂ ಮತ್ತೆ ಏರಿಸಲು ಹೋದಾಗ ಮಾತ್ರ ಇದ್ದದ್ದೂ ಕೈತಪ್ಪುತ್ತದೆ.

ಕೈ ಹಾಕುವ ಮೊದಲು

ಹಳೆಯ ಹೋಸ್ಟಿಂಗ್ ಖಾತೆಯನ್ನು, ಅಂದರೆ ತಾಣವನ್ನು ಇಟ್ಟಿರುವ ಬಾಡಿಗೆ ಜಾಗವನ್ನು, ಮುಚ್ಚಬೇಡಿ. ಹೊಸ ತಾಣ ಶುರುವಾಯಿತೆಂದು ಹಳೆಯದರ ನವೀಕರಣ ನಿಲ್ಲಿಸುವುದು ಈ ಕೆಲಸದಲ್ಲಿ ಆಗುವ ಅತಿ ದುಬಾರಿ ಉಳಿತಾಯ. ಕನಿಷ್ಠ ಒಂದು ವರ್ಷ ಅದು ಹಾಗೆಯೇ ಇರಲಿ. ಆದರೆ ಸಾರ್ವಜನಿಕರಿಗೆ ತೆರೆದಿಡುವುದು ಬೇಡ. ಹಳೆಯ ತಂತ್ರಾಂಶದ ಮೇಲೆ ನಡೆಯುವ ತಾಣ ಕಳ್ಳರಿಗೆ ಸುಲಭದ ತುತ್ತು. ಉದಾಹರಣೆಗೆ, ತಾಣಗಳನ್ನು ನಡೆಸುವ ಪಿಎಚ್‌ಪಿ ಭಾಷೆಯ 5.6 ಆವೃತ್ತಿಗೆ ಭದ್ರತಾ ಬೆಂಬಲ 2018ರ ಕೊನೆಗೇ ನಿಂತಿದೆ. ಪಾಸ್‌ವರ್ಡ್ ಹಾಕಿ ಒಳಗಿನವರಿಗಷ್ಟೇ ತೆರೆಯುವಂತೆ ಇಡಿ.

ಡೇಟಾಬೇಸ್ ಮತ್ತು ಕಡತಗಳು ಎರಡರ ಬ್ಯಾಕಪ್ ತೆಗೆದುಕೊಳ್ಳಿ. ಬರಹಗಳು ಡೇಟಾಬೇಸ್‌ನಲ್ಲಿರುತ್ತವೆ, ಚಿತ್ರಗಳು ಕಡತಗಳಾಗಿರುತ್ತವೆ. ಒಂದನ್ನಷ್ಟೇ ತೆಗೆದರೆ ಅರ್ಧ ತಾಣವನ್ನು ಉಳಿಸಿದಂತೆ. ತೆಗೆದ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು, ಕನ್ನಡ ಅಕ್ಷರಗಳು ಸರಿಯಾಗಿ ಕಾಣುತ್ತವೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ.

ಪರೀಕ್ಷೆಗಾಗಿ ಇಪ್ಪತ್ತರಷ್ಟು ಹಳೆಯ ಕೊಂಡಿಗಳನ್ನು ಕೂಡಿಸಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ತಾಣದ ಫೇಸ್‌ಬುಕ್ ಪುಟದಲ್ಲಿ, ಕನ್ನಡ ವಿಕಿಪೀಡಿಯದ ಉಲ್ಲೇಖಗಳಲ್ಲಿ ಅವು ಸಿಗುತ್ತವೆ. ಬೇರೆ ಬೇರೆ ವರ್ಷದವು, ಬೇರೆ ಬೇರೆ ಉಪವಿಭಾಗದವು ಇರಲಿ. ಪ್ರತಿ ಕೊಂಡಿಯನ್ನೂ ಕಚೇರಿಯ ಕಂಪ್ಯೂಟರ್ ಬಿಟ್ಟು ಬೇರೆ ಮೊಬೈಲ್‌ನಲ್ಲಿ, ಲಾಗಿನ್ ಇಲ್ಲದೆ ತೆರೆಯಿರಿ. ಕಚೇರಿಯ ಬ್ರೌಸರ್ ಹಳೆಯ ಪ್ರತಿಯನ್ನು ನೆನಪಿಟ್ಟುಕೊಂಡು ಎಲ್ಲವೂ ಸರಿಯಿದೆ ಎಂದು ತೋರಿಸುವುದುಂಟು.

ಲಕ್ಷಣ: ‘ಪುಟ ಸಿಗಲಿಲ್ಲ’ ಎಂದು ಬರುತ್ತದೆ

ಮೊದಲು ಪುಟದ ಜಾಗದಲ್ಲಿ ಬಂದ ದೋಷದ ಅಂಕಿ ನೋಡಿ. 404 ಎಂದರೆ ಸರ್ವರ್ ಚೆನ್ನಾಗಿದೆ, ಆ ವಿಳಾಸದಲ್ಲಿ ಏನೂ ಇಲ್ಲ ಎಂದರ್ಥ. 410 ಎಂದರೆ ಯಾರೋ ಬೇಕೆಂದೇ ತೆಗೆದಿದ್ದಾರೆ. 500 ಅಥವಾ 503 ಬಂದರೆ ಅದು ವಿಳಾಸದ ಸಮಸ್ಯೆಯಲ್ಲ, ಸರ್ವರ್ ಬಳಲಿದೆ ಅಥವಾ ತಂತ್ರಾಂಶ ಮುಗ್ಗರಿಸಿದೆ. ಅಂಥ ಹೊತ್ತಿನಲ್ಲಿ ಕೊಂಡಿಗಳನ್ನು ತಿದ್ದಲು ಹೋಗದೆ ಹೋಸ್ಟಿಂಗ್‌ನವರನ್ನು ಕೇಳಿ.

404 ಆಗಿದ್ದರೆ ಸಂಪಾದಕರ ಲಾಗಿನ್‌ನಿಂದ ಒಳಗೆ ಹೋಗಿ, ಶೀರ್ಷಿಕೆಯ ಎರಡು ಪದ ಕೊಟ್ಟು ಹುಡುಕಿ. ಬರಹ ಅಲ್ಲಿ ಸಿಕ್ಕರೆ ಅರ್ಧ ಚಿಂತೆ ಮುಗಿಯಿತು. ಅದು ‘ಕರಡು’ ಸ್ಥಿತಿಯಲ್ಲಿದೆಯೇ ನೋಡಿ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ವಿಭಾಗ ಗೊತ್ತಾಗದ ಬರಹಗಳು ಕರಡಾಗಿ ಬಂದು ಕೂರುತ್ತವೆ. ‘ರಂಗಭೂಮಿ’ ಎಂಬ ವಿಭಾಗವನ್ನೇ ಕೈಬಿಟ್ಟಿದ್ದರೆ ಅದರಡಿಯಿದ್ದ ಇಡೀ ಗಂಟು ಹೀಗೆ ಕರಡಿನಲ್ಲಿ ಬಿದ್ದಿರುತ್ತದೆ. ವಿಭಾಗವನ್ನು ಮರಳಿ ತೆರೆದು ಪ್ರಕಟಿಸಿದರಾಯಿತು.

ಬರಹ ‘ಪ್ರಕಟಿತ’ ಎಂದೇ ಇದ್ದರೂ ತೆರೆಯದಿದ್ದರೆ, ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಳಸುವವರು ಪರ್ಮಾಲಿಂಕ್ (ಪುಟಗಳ ಶಾಶ್ವತ ವಿಳಾಸ) ಸೆಟ್ಟಿಂಗ್ ಪುಟಕ್ಕೆ ಹೋಗಿ ಏನನ್ನೂ ಬದಲಿಸದೆ ‘ಉಳಿಸು’ ಒತ್ತಬೇಕು. ವಿಳಾಸಗಳ ನಿಯಮಾವಳಿ ಇದರಿಂದ ಹೊಸದಾಗಿ ಬರೆಯಲ್ಪಡುತ್ತದೆ. ಖರ್ಚಿಲ್ಲದ ಈ ಒಂದು ಕೆಲಸದಿಂದಲೇ ಎಷ್ಟೋ ತಾಣಗಳು ಸರಿಹೋಗಿವೆ.

ಆಗಲೂ ತೆರೆಯದಿದ್ದರೆ ಹಳೆಯ ವಿಳಾಸ, ಹೊಸ ವಿಳಾಸ ಎರಡನ್ನೂ ಒಂದರ ಕೆಳಗೊಂದು ಬರೆದು ಹೋಲಿಸಿ. ವ್ಯತ್ಯಾಸ ಎಲ್ಲಿದೆ ಎನ್ನುವುದೇ ಕಾರಣವನ್ನು ಹೇಳುತ್ತದೆ.

ವಿಭಾಗದ ಹೆಸರಷ್ಟೇ ಬೇರೆಯಾಗಿದ್ದರೆ ಸುಲಭ. ಒಂದೇ ನಿಯಮ ಸಾವಿರ ಪುಟಗಳನ್ನು ಸರಿಪಡಿಸುತ್ತದೆ. ಊರಿನ ಹೆಸರಿನಲ್ಲಿ ವ್ಯತ್ಯಾಸವಿದ್ದರೂ ಹಾಗೆಯೇ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪುಟಗಳ ವಿಳಾಸದಲ್ಲಿ ಬ್ರಿಟಿಷರ ಕಾಲದ ಕಾಗುಣಿತವೇ ಇರುತ್ತದೆ. ಹೊಸ ವಿನ್ಯಾಸದವರು ‘ತಿದ್ದುಪಡಿ’ ಎಂದು ಎಲ್ಲ ಕಡೆ ಹೊಸ ಕಾಗುಣಿತ ತುಂಬಿದ್ದರೆ ಹಳೆಯ ಕೊಂಡಿಗಳೆಲ್ಲ ಮುರಿಯುತ್ತವೆ. ಪುಟದ ಒಳಗೆ ಏನೇ ತಿದ್ದಿ, ವಿಳಾಸವನ್ನು ಮುಟ್ಟಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ದಿನಾಂಕ ಒಂದು ದಿನ ಹಿಂದೆ ಮುಂದೆ ಆಗಿದ್ದರೆ ಗಮನವಿಟ್ಟು ನೋಡಬೇಕು. ಭಾರತೀಯ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಈ ಗಂಟೆಗಳನ್ನು ಕೂಡಿಸಲು ಹೊಸ ತಂತ್ರಾಂಶ ಮರೆತರೆ ರಾತ್ರಿ 12ರಿಂದ ಬೆಳಗಿನ 5:30ರೊಳಗೆ ಏರಿಸಿದ ಬರಹಗಳೆಲ್ಲ ಹಿಂದಿನ ದಿನಕ್ಕೆ ಜಾರುತ್ತವೆ. ಎರಡು ಸಲ ಕೂಡಿಸಿದರೆ ಸಂಜೆ 6:30ರ ನಂತರ ಏರಿಸಿದವು ಮರುದಿನಕ್ಕೆ ಹೋಗುತ್ತವೆ. ಮುದ್ರಣಕ್ಕೆ ಹೋದ ಪುರವಣಿಯನ್ನು ನಡುರಾತ್ರಿ ತಾಣಕ್ಕೆ ಏರಿಸುವುದು ಪತ್ರಿಕೆಗಳ ವಾಡಿಕೆ. ಹೀಗಾಗಿ ಹಗಲಿನ ಜಿಲ್ಲಾ ಸುದ್ದಿ ಸರಿಯಾಗಿ ತೆರೆಯುತ್ತದೆ, ಶುಕ್ರವಾರದ ಸಿನಿಮಾ ಪುರವಣಿ ಮಾತ್ರ 404 ಆಗುತ್ತದೆ. ಈ ಮಾದರಿ ಕಂಡರೆ ಬೇರೆಲ್ಲೂ ಹುಡುಕಬೇಡಿ, ಸಮಯವಲಯದ ಸೆಟ್ಟಿಂಗ್ ನೋಡಿ.

ಇನ್ನೊಂದು ಕಾರಣ ಕನ್ನಡದ ವಿಳಾಸಗಳಿಗೇ ವಿಶೇಷವಾದದ್ದು. ಶೀರ್ಷಿಕೆಯನ್ನು ಕನ್ನಡದಲ್ಲೇ ವಿಳಾಸವಾಗಿ ಇಟ್ಟಾಗ, ಒಳಗಡೆ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳಿರುವ 9 ಅಕ್ಷರಗಳಾಗಿ ಬದಲಾಗುತ್ತದೆ. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಟ್ಟಿರುವ ಮಿತಿ 200 ಅಕ್ಷರ. ಹಾಗಾಗಿ ಕನ್ನಡದ 22 ಸಂಕೇತಗಳ ಹೊತ್ತಿಗೆ ವಿಳಾಸ ತುಂಡಾಗುತ್ತದೆ. ಒತ್ತು, ದೀರ್ಘ, ಸೊನ್ನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಬಳ್ಳಾರಿ ರಾಘವ ಕಲಾಮಂದಿರದಲ್ಲಿ ನಾಟಕೋತ್ಸವ’ ಎಂಬ ಶೀರ್ಷಿಕೆಯನ್ನು ಎಣಿಸಿ ನೋಡಿ. ವಿಳಾಸ ‘ಕಲಾಮಂದಿರದಲ್’ ಎಂಬಲ್ಲಿಗೆ ಮುಗಿಯುತ್ತದೆ. ನಾಟಕೋತ್ಸವ ಎಂಬ ಪದ ಒಳಗೆ ಬರುವುದೇ ಇಲ್ಲ. ಅದೇ ಸಭಾಂಗಣದಲ್ಲಿ ಗಾಯನ ನಡೆದರೂ, ಸನ್ಮಾನ ನಡೆದರೂ ವಿಳಾಸ ಅದೇ ಆಗುವುದರಿಂದ ತಂತ್ರಾಂಶ ಕೊನೆಗೆ 2, 3, 4 ಎಂದು ಅಂಕಿ ಸೇರಿಸುತ್ತಾ ಹೋಗುತ್ತದೆ. ಸಾಗಿಸುವಾಗ ಬರಹಗಳ ಅನುಕ್ರಮ ಬದಲಾದರೆ ಈ ಅಂಕಿಗಳು ಅದಲುಬದಲಾಗುತ್ತವೆ. ಆಗ 404 ಬರುವ ಬದಲು ಬೇರೆಯೇ ಕಾರ್ಯಕ್ರಮದ ವರದಿ ತೆರೆಯುತ್ತದೆ! ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು. ಪುಟ ತೆರೆಯಿತಲ್ಲ ಎಂದು ಯಾರೂ ದೂರು ಕೊಡುವುದಿಲ್ಲ. ಅಂಕಿಯಿಂದ ಕೊನೆಗೊಳ್ಳುವ ವಿಳಾಸಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಿ, ಹಳೆಯ ತಾಣದ ಶೀರ್ಷಿಕೆಯೊಡನೆ ಕೈಯಾರೆ ತಾಳೆ ನೋಡಲೇಬೇಕು.

ಪರಿಹಾರದ ದಾರಿ ಎಲ್ಲಕ್ಕೂ ಒಂದೇ. ಹಳೆಯ ವಿಳಾಸದಿಂದ ಹೊಸದಕ್ಕೆ ಓದುಗನನ್ನು ತಾನಾಗಿ ಕಳುಹಿಸುವ ಶಾಶ್ವತ ರೀಡೈರೆಕ್ಟ್, ಅಂದರೆ 301, ಹಾಕಬೇಕು. 302 ತಾತ್ಕಾಲಿಕ ಬದಲಾವಣೆಗಳಿಗೆ ಇರುವುದು. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಸರಪಳಿ ಬೆಳೆಸದೆ ಹಳೆಯದರಿಂದ ನೇರವಾಗಿ ಕೊನೆಯದಕ್ಕೆ ಕೊಡಿ. ಈ ನಿಯಮಗಳನ್ನು ಕನಿಷ್ಠ ಒಂದು ವರ್ಷ ಉಳಿಸಿ ಎಂದು ಗೂಗಲ್ ಹೇಳುತ್ತದೆ. ಎಂದೂ ತೆಗೆಯಬೇಡಿ ಎಂದು ನಾನು ಹೇಳುತ್ತೇನೆ. ಅವುಗಳನ್ನು ಇಟ್ಟುಕೊಳ್ಳುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಎಲ್ಲಿ ನಿಲ್ಲಬೇಕು: ಹಳೆಯ ವಿಳಾಸದಲ್ಲಿ ಬರೀ ಕ್ರಮಸಂಖ್ಯೆಯಿದ್ದು, ಹೊಸ ತಾಣದಲ್ಲಿ ಎಲ್ಲ ಬರಹಗಳಿಗೂ ಬೇರೆ ಸಂಖ್ಯೆ ಬಂದಿದ್ದರೆ ಊಹೆಯಿಂದ ಜೋಡಿಸಲು ಹೋಗಬೇಡಿ. ಹಳೆಯ ಡೇಟಾಬೇಸ್‌ನಿಂದ ಸಂಖ್ಯೆಗಳ ಜೋಡಿಪಟ್ಟಿ ತೆಗೆಯುವುದು ಡೆವಲಪರ್ ಮಾಡಬೇಕಾದ ಕೆಲಸ. ಡೇಟಾಬೇಸ್‌ನಲ್ಲಿ ನೇರವಾಗಿ ಹುಡುಕಿ ಬದಲಿಸುವ ಆದೇಶವನ್ನೂ ನೀವಾಗಿ ಓಡಿಸಬೇಡಿ. ವರ್ಡ್‌ಪ್ರೆಸ್ ಕೆಲವು ಮಾಹಿತಿಯನ್ನು ಅಕ್ಷರಗಳ ಉದ್ದದ ಲೆಕ್ಕದ ಜೊತೆಗೇ ಕಟ್ಟಿಡುತ್ತದೆ. ಪದ ಬದಲಾಗಿ ಉದ್ದ ತಪ್ಪಿದರೆ ಆ ಕಟ್ಟೇ ಬಿಚ್ಚುವುದಿಲ್ಲ.

ಲಕ್ಷಣ: ಯಾವ ಹಳೆಯ ಕೊಂಡಿ ಒತ್ತಿದರೂ ಮುಖಪುಟಕ್ಕೆ ಬರುತ್ತದೆ

ಇದು ತಾನಾಗಿ ಆದ ದೋಷವಲ್ಲ, ಯಾರೋ ಸುಲಭದ ದಾರಿ ಹಿಡಿದದ್ದರ ಗುರುತು. 404 ಕಾಣಬಾರದೆಂದು ಎಲ್ಲ ಹಳೆಯ ವಿಳಾಸಗಳನ್ನೂ ಮುಖಪುಟಕ್ಕೆ ತಿರುಗಿಸಿರುತ್ತಾರೆ. ಬಳ್ಳಾರಿಗೆ ಟಿಕೆಟ್ ತೆಗೆದವನನ್ನು ಗುಂತಕಲ್‌ನಲ್ಲಿ ಇಳಿಸಿ ಹೋದ ಹಾಗೆ ಇದು. ಓದುಗನಿಗೆ ತಾನು ಕೇಳಿದ್ದು ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಗೂಗಲ್ ಕೂಡ ಇಂಥದ್ದನ್ನು ‘ಸಾಫ್ಟ್ 404’ ಎಂದು ಪರಿಗಣಿಸಿ ಪುಟವನ್ನು ತನ್ನ ಪಟ್ಟಿಯಿಂದ ಕೈಬಿಡುತ್ತದೆ. ಆ ಒಟ್ಟು ನಿಯಮವನ್ನು ತೆಗೆಸಿ. ಸರಿಯಾದ ಜೋಡಿ ಸಿಗುವವರೆಗೆ ಪ್ರಾಮಾಣಿಕವಾದ 404 ಪುಟವೇ ಮೇಲು. ಅದರಲ್ಲಿ ಒಂದು ಹುಡುಕು ಪೆಟ್ಟಿಗೆಯನ್ನೂ, ‘ಹಳೆಯ ಬರಹ ಬೇಕಿದ್ದರೆ ಬರೆಯಿರಿ’ ಎಂದು ಸಂಪಾದಕರ ಮಿಂಚಂಚೆಯನ್ನೂ ಇಡಿ. ಯಾವ ಬರಹ ಜನರಿಗೆ ಬೇಕಾಗಿದೆ ಎಂಬುದು ಆ ಪತ್ರಗಳಿಂದಲೇ ತಿಳಿಯುತ್ತದೆ.

ಲಕ್ಷಣ: ಪುಟ ತೆರೆಯುತ್ತದೆ, ಅಕ್ಷರ ಓದಲಾಗುವುದಿಲ್ಲ

ಇಲ್ಲಿ ಮೂರು ಬೇರೆ ಬೇರೆ ರೋಗಗಳಿವೆ. ಔಷಧವೂ ಬೇರೆ ಬೇರೆ. ತಪ್ಪು ಔಷಧ ಕೊಟ್ಟರೆ ವಾಸಿಯಾಗುವ ರೋಗವೂ ಕೈಮೀರುತ್ತದೆ.

ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಅರ್ಥವಿಲ್ಲದೆ ಕಲೆತು ಕಂಡರೆ ಆ ಬರಹ ಯೂನಿಕೋಡ್‌ಗೆ, ಅಂದರೆ ಎಲ್ಲ ಭಾಷೆಗಳಿಗೂ ಇರುವ ಒಂದೇ ಅಕ್ಷರಸಂಕೇತ ಪದ್ಧತಿಗೆ, ಮೊದಲಿನ ಕಾಲದ್ದು. ನುಡಿ, ಬರಹ, ಶ್ರೀಲಿಪಿ ಮುಂತಾದ ಅಕ್ಷರವಿನ್ಯಾಸಗಳನ್ನು ನಂಬಿ ಆಗ ಪುಟ ಕಟ್ಟುತ್ತಿದ್ದರು. ಹಳೆಯ ತಾಣ ಫಾಂಟನ್ನೂ ಜೊತೆಗೇ ಕಳುಹಿಸುತ್ತಿತ್ತು. ಹೊಸ ವಿನ್ಯಾಸದಲ್ಲಿ ಆ ಫಾಂಟ್ ಇಲ್ಲ. ಅಕ್ಷರಗಳ ಮುಖವಾಡ ಕಳಚಿದೆ, ಒಳಗಿನ ಮಾಹಿತಿ ಕೆಟ್ಟಿಲ್ಲ. ಯಾವ ಫಾಂಟ್ ಎಂದು ಗುರುತಿಸಿ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರಬೇಕು. ಎಲ್ಲವನ್ನೂ ಒಮ್ಮೆಗೇ ಓಡಿಸುವ ಮೊದಲು ಐದಾರು ಬರಹಗಳ ಮೇಲೆ ಪರೀಕ್ಷಿಸಿ. ಪರೀಕ್ಷೆಗೆ ‘ಸೂರ್ಯ’, ‘ಕಾರ್ಯಕ್ರಮ’, ‘ವಿಷ್ಣುವರ್ಧನ್’ ಒಳ್ಳೆಯ ಪದಗಳು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಕಳಪೆ ಪರಿವರ್ತಕ ಇಲ್ಲಿಯೇ ಎಡವುತ್ತದೆ. ಬರಹದ ನಡುವೆ ಇಂಗ್ಲಿಷ್ ಪದ, ದೂರವಾಣಿ ಸಂಖ್ಯೆ, ಚಿತ್ರದ ಕೊಂಡಿ ಇದ್ದರೆ ಅವನ್ನೂ ಕನ್ನಡವೆಂದು ಭಾವಿಸಿ ಹಾಳುಮಾಡುತ್ತದೆ. ಆದ್ದರಿಂದ ಪರಿವರ್ತನೆ ಪ್ರತಿಯ ಮೇಲೆ ನಡೆಯಲಿ, ಮೂಲ ಹಾಗೆಯೇ ಇರಲಿ.

ಎರಡನೆಯದರಲ್ಲಿ ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷ್‌ನ ಚಿಕ್ಕ ‘ಎ’ (à) ಅಕ್ಷರ ಮತ್ತು ಅದರ ಪಕ್ಕ ಪುಟ್ಟದೊಂದು 2 ಅಂಕಿ ಸಾಲುಸಾಲಾಗಿ ಮರುಕಳಿಸುತ್ತವೆ. ಇದು ಯೂನಿಕೋಡ್ ಬರಹವೇ. ಡೇಟಾಬೇಸ್ ಅಥವಾ ಪುಟ ಅದನ್ನು ಪಾಶ್ಚಾತ್ಯ ಅಕ್ಷರಗಳ ಸಂಕೇತವೆಂದು ತಪ್ಪಾಗಿ ಓದುತ್ತಿದೆ. ಡೇಟಾಬೇಸ್ ಸಂಪರ್ಕದ ಅಕ್ಷರಸಂಕೇತವನ್ನು ಯೂನಿಕೋಡ್‌ನ ಯುಟಿಎಫ್-8 ರೂಪಕ್ಕೆ ಸರಿಪಡಿಸಿದರೆ ಹೆಚ್ಚಿನ ಸಲ ಕನ್ನಡ ಮರಳುತ್ತದೆ. ಈ ಸ್ಥಿತಿಯಲ್ಲಿ ಸಂಪಾದಕರು ಪುಟವನ್ನು ತೆರೆದು ‘ಉಳಿಸು’ ಒತ್ತಬಾರದು. ಹಾಗೆ ಮಾಡಿದರೆ ತಪ್ಪು ಓದು ಶಾಶ್ವತವಾಗಿ ಅಚ್ಚೊತ್ತುತ್ತದೆ.

ಮೂರನೆಯದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇಲ್ಲಿ ಅಕ್ಷರ ನಿಜವಾಗಿಯೂ ಹೋಗಿದೆ. ಕನ್ನಡವನ್ನು ಹಿಡಿಯಲಾಗದ ಕೋಷ್ಟಕಕ್ಕೆ ಬರಹವನ್ನು ತುರುಕಿದಾಗ ಪ್ರತಿ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ, ಅದರಿಂದ ಹಿಂದಕ್ಕೆ ಬರುವ ದಾರಿ ಇಲ್ಲ. ಅಲ್ಲಿಯೇ ನಿಲ್ಲಿಸಿ, ಸಾಗಣೆಯ ಕೆಲಸ ಇನ್ನೂ ನಡೆಯುತ್ತಿದ್ದರೆ ತಡೆಯಿರಿ. ಹಳೆಯ ಡೇಟಾಬೇಸ್‌ನಿಂದ ಮತ್ತೆ, ಸರಿಯಾದ ಸಂಕೇತದಲ್ಲಿ ತರಿಸಬೇಕು. ಹಳೆಯ ಹೋಸ್ಟಿಂಗ್ ಉಳಿಸಿಕೊಳ್ಳಿ ಎಂದು ಆರಂಭದಲ್ಲೇ ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಲಕ್ಷಣ: ಬರಹ ಇದೆ, ಫೋಟೊ ಇಲ್ಲ

ಚಿತ್ರದ ಜಾಗದ ಮೇಲೆ ಬೆರಳೊತ್ತಿ ಹಿಡಿದು ಚಿತ್ರವನ್ನಷ್ಟೇ ಹೊಸ ಕಿಟಕಿಯಲ್ಲಿ ತೆರೆದು ಅದರ ವಿಳಾಸ ನೋಡಿ. ಹಳೆಯ ತಾಣ ವಿಂಡೋಸ್ ಸರ್ವರ್‌ನಲ್ಲಿದ್ದು ಹೊಸದು ಲಿನಕ್ಸ್‌ನಲ್ಲಿದ್ದರೆ, ಕಡತದ ಹೆಸರಿನ ಇಂಗ್ಲಿಷ್ ಅಕ್ಷರಗಳ ದೊಡ್ಡದು ಚಿಕ್ಕದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕ್ಯಾಮೆರಾ ಕೊಟ್ಟ ಹೆಸರಿನ ಕೊನೆಯ ಜೆಪಿಜಿ ದೊಡ್ಡಕ್ಷರದಲ್ಲಿದ್ದು, ಪುಟದೊಳಗೆ ಚಿಕ್ಕಕ್ಷರದಲ್ಲಿ ಬರೆದಿದ್ದರೆ ವಿಂಡೋಸ್ ಎರಡನ್ನೂ ಒಂದೇ ಎಂದು ನೋಡುತ್ತಿತ್ತು. ಲಿನಕ್ಸ್‌ಗೆ ಅವು ಎರಡು ಬೇರೆ ಕಡತಗಳು. ಛಾಯಾಗ್ರಾಹಕರು ನೇರವಾಗಿ ಕಳುಹಿಸಿದ ಉತ್ಸವದ ಚಿತ್ರಗಳಲ್ಲಿ ಈ ತೊಂದರೆ ಹೆಚ್ಚು.

ಚಿತ್ರದ ವಿಳಾಸ ಭದ್ರತೆಯಿಲ್ಲದ ಹಳೆಯ ಎಚ್‌ಟಿಟಿಪಿಯಿಂದ ಶುರುವಾಗಿ, ಹೊಸ ತಾಣ ಎಚ್‌ಟಿಟಿಪಿಎಸ್ ಆಗಿದ್ದರೆ ಬ್ರೌಸರ್ ಚಿತ್ರವನ್ನು ತಡೆಯಬಹುದು. ಚಿತ್ರಗಳಿಗೆಂದೇ ಬೇರೆ ಉಪವಿಳಾಸವಿದ್ದು ಅದನ್ನು ಈಗ ಮುಚ್ಚಿದ್ದರೆ ಎಲ್ಲ ಚಿತ್ರಗಳೂ ಒಂದೇ ದಿನ ಮಾಯವಾಗುತ್ತವೆ. ಚಿತ್ರವಿಲ್ಲದ ಪುಟದಲ್ಲೂ ಅಡಿಬರಹವನ್ನು ಅಳಿಸಬೇಡಿ. ನಾಟಕದ ಫೋಟೊ ಹೋದರೂ, ಯಾವ ಪಾತ್ರದಲ್ಲಿ ಯಾರಿದ್ದರು ಎಂಬ ಒಂದು ಸಾಲು ಉಳಿದರೆ ಅದೇ ದಾಖಲೆ.

ವಿಡಿಯೊ ಪೆಟ್ಟಿಗೆ ಖಾಲಿಯಾಗಿದ್ದರೆ ಅಥವಾ ಫೋಟೊ ಗ್ಯಾಲರಿ ಬೂದುಬಣ್ಣದ ಚೌಕವಾಗಿದ್ದರೆ ಅದು ಬ್ರೌಸರ್‌ನಲ್ಲಿ ವಿಡಿಯೊ ಓಡಿಸುತ್ತಿದ್ದ ಹಳೆಯ ತಂತ್ರಾಂಶ ಫ್ಲ್ಯಾಶ್‌ನ ಕಾಲದ್ದಿರಬೇಕು. ಅಡೋಬಿ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಡಿಸೆಂಬರ್ 31ರಂದು. ಫ್ಲ್ಯಾಶನ್ನು ಮರಳಿ ತರುತ್ತೇವೆ ಎನ್ನುವ ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳಬೇಡಿ. ಗ್ಯಾಲರಿಯ ಒಳಗಿನ ಚಿತ್ರಗಳು ಸರ್ವರ್‌ನಲ್ಲಿ ಸಾಮಾನ್ಯ ಕಡತಗಳಾಗಿಯೇ ಇರುವ ಸಾಧ್ಯತೆ ಹೆಚ್ಚು. ಅವನ್ನು ಹೊರತೆಗೆದು ಸಾದಾ ಪುಟವಾಗಿ ಜೋಡಿಸಿ.

ಲಕ್ಷಣ: ಕೊಂಡಿ ಇದ್ದರೆ ತೆರೆಯುತ್ತದೆ, ಹುಡುಕಿದರೆ ಸಿಗುವುದಿಲ್ಲ

ಮೊದಲು ಹೆಸರನ್ನು ಎರಡು ಮೂರು ರೀತಿಯಲ್ಲಿ ಬರೆದು ಹುಡುಕಿ. ‘ರಾಜ್‌ಕುಮಾರ್’ ಎಂದು ಜಕಾರದ ಅರ್ಧಾಕ್ಷರ ಬಿಡಿಯಾಗಿ ಕಾಣುವಂತೆ ಬರೆದಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ‘ರಾಜ್ಕುಮಾರ್’, ‘ರಾಜಕುಮಾರ್’ ಎಂದೂ ಬರೆಯುವವರಿದ್ದಾರೆ. ಹುಡುಕು ಯಂತ್ರಕ್ಕೆ ಇವು ಮೂರೂ ಬೇರೆ ಬೇರೆ ಹೆಸರು. ಮೊಬೈಲ್‌ನಲ್ಲಿ ಬೆರಳಚ್ಚಿಸುವ ಓದುಗ ಹಲವು ಸಲ ಆ ಕಾಣದ ಸಂಕೇತವನ್ನು ಹಾಕಿರುವುದಿಲ್ಲ. ಹುಡುಕುವ ಪದದಿಂದಲೂ ಹುಡುಕು ಸೂಚಿಯಿಂದಲೂ ಅದನ್ನು ತೆಗೆದು ಹೋಲಿಸುವಂತೆ ಡೆವಲಪರ್‌ಗೆ ಹೇಳಿ. ಮೂಲ ಬರಹದಿಂದ ಮಾತ್ರ ತೆಗೆಯಬಾರದು, ತೆಗೆದರೆ ಓದುವಾಗ ಒತ್ತಕ್ಷರ ಕೆಟ್ಟು ಕಾಣುತ್ತದೆ.

ನಂತರ ಜಿಲ್ಲೆಯ ಹೆಸರು ನೋಡಿ. ಹೊಸಪೇಟೆ, ಹಂಪಿ, ಮರಿಯಮ್ಮನಹಳ್ಳಿ, ಹೂವಿನ ಹಡಗಲಿ ಇವೆಲ್ಲ 2021ರವರೆಗೆ ಬಳ್ಳಾರಿ ಜಿಲ್ಲೆಯವು, ಈಗ ವಿಜಯನಗರದವು. ಹಳೆಯ ಹಂಪಿ ಉತ್ಸವದ ವರದಿಗಳಿಗೆ ‘ಬಳ್ಳಾರಿ’ ಎಂಬ ಗುರುತುಪಟ್ಟಿ ಇರುತ್ತದೆ. ಹೊಸ ತಾಣದಲ್ಲಿ ಓದುಗ ‘ವಿಜಯನಗರ’ ಒತ್ತಿದರೆ 2021ಕ್ಕೆ ಮೊದಲು ಅಲ್ಲಿ ಉತ್ಸವವೇ ನಡೆದಿಲ್ಲವೇನೋ ಎನ್ನುವಂತೆ ಕಾಣುತ್ತದೆ. ರಾಯಚೂರಿನಿಂದ ಕೊಪ್ಪಳ ಬೇರೆಯಾದ ಕಾಲದ ಸುದ್ದಿಯನ್ನು ಗಣಕಕ್ಕೆ ಏರಿಸಿದವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಹಳೆಯ ಗುರುತನ್ನು ಕಿತ್ತು ಹೊಸದು ಹಾಕಬೇಡಿ. ಎರಡೂ ಇರಲಿ. ಬರೆದ ದಿನ ಆ ಊರು ಯಾವ ಜಿಲ್ಲೆಯಲ್ಲಿತ್ತು ಎಂಬುದೂ ದಾಖಲೆಯ ಭಾಗವೇ.

ವಿಭಾಗದ ಪಟ್ಟಿಯಲ್ಲಿ ಕೆಳಗೆ ಜಾರಿಸುತ್ತಾ ಹೋದಂತೆ ಒಂದು ಹಂತದಲ್ಲಿ ಬರಹಗಳು ನಿಂತೇಬಿಟ್ಟರೆ, ಪಟ್ಟಿಗೆ ಮಿತಿ ಇಟ್ಟಿದ್ದಾರೆಂದು ಅರ್ಥ. ಇಲಾಸ್ಟಿಕ್‌ಸರ್ಚ್ ಎಂಬ ಹುಡುಕು ತಂತ್ರಾಂಶ ಬಳಸುವ ತಾಣಗಳಲ್ಲಿ ಮೊದಲೇ ಇರುವ ಮಿತಿ 10,000 ಫಲಿತಾಂಶ. ವರ್ಷ ಮತ್ತು ತಿಂಗಳ ಪ್ರಕಾರ ವಿಂಗಡಿಸಿದ ಸರಳ ಪಟ್ಟಿಪುಟಗಳನ್ನು ಮಾಡಿಸಿ. ನೋಡಲು ಅಂದವಿಲ್ಲದಿದ್ದರೂ ಓದುಗನಿಗೂ ಗೂಗಲ್‌ಗೂ ದಾರಿ ತೋರಿಸುತ್ತವೆ.

ಲಕ್ಷಣ: ಹಳೆಯ ಸುದ್ದಿ ಇವತ್ತಿನ ದಿನಾಂಕದಲ್ಲಿ ಕಾಣುತ್ತದೆ

ಇದನ್ನು ಕಂಡ ಕೂಡಲೇ ಬೇರೆಲ್ಲ ಕೆಲಸ ಬದಿಗಿಡಿ. ಸಾಗಿಸಿದ ದಿನವೇ ಪ್ರಕಟಣೆಯ ದಿನವಾಗಿ ದಾಖಲಾದಾಗ ಹೀಗಾಗುತ್ತದೆ. ಎಂದೋ ಆಸ್ಪತ್ರೆಗೆ ಸೇರಿ ಗುಣವಾಗಿ ಬಂದ ಹಿರಿಯ ನಟರ ಸುದ್ದಿ ‘ಇಂದು’ ಎಂದು ಕಂಡರೆ ಅರ್ಧ ಗಂಟೆಯಲ್ಲಿ ವಾಟ್ಸ್‌ಆ್ಯಪ್ ತುಂಬ ಓಡಾಡುತ್ತದೆ. ನಿಧನದ ಸುದ್ದಿಯಾದರಂತೂ ಒಂದು ಮನೆಯವರ ನೋವನ್ನು ಮತ್ತೆ ಕೆದಕಿದಂತೆ. ದಿನಾಂಕ ಸರಿಯಾಗುವವರೆಗೆ ಆ ಬರಹಗಳು ಮುಖಪುಟದಲ್ಲೂ ‘ಇತ್ತೀಚಿನ’ ಪಟ್ಟಿಯಲ್ಲೂ ಬರದಂತೆ ತಡೆಯಿರಿ. ಮೊಬೈಲ್ ಅಧಿಸೂಚನೆಯನ್ನು ಪೂರ್ತಿ ನಿಲ್ಲಿಸಿ. ಮೂಲ ದಿನಾಂಕ ಹಳೆಯ ಡೇಟಾಬೇಸ್‌ನಲ್ಲಿರುತ್ತದೆ. ಹಳೆಯ ವಿಳಾಸದಲ್ಲಿ, ಚಿತ್ರಗಳ ಕಡತಕೋಶದ ಹೆಸರಿನಲ್ಲಿಯೂ ವರ್ಷ, ತಿಂಗಳು ಸಿಗುವುದುಂಟು. ದಿನಾಂಕ ಸರಿಯಾದ ಮೇಲೆ, ಹಳೆಯ ಬರಹಗಳ ತಲೆಯಲ್ಲಿ ‘ಇದು 2016ರ ವರದಿ’ ಎಂಬಂಥ ಪಟ್ಟಿ ಎದ್ದು ಕಾಣುವಂತೆ ಇರಲಿ.

ಲಕ್ಷಣ: ತಾಣದಲ್ಲಿ ಇದೆ, ಗೂಗಲ್‌ನಲ್ಲಿ ಇಲ್ಲ

ವಿನ್ಯಾಸ ತಯಾರಾಗುವಾಗ ಹುಡುಕು ಯಂತ್ರಗಳನ್ನು ದೂರವಿಡಲು ಒಂದು ಚೌಕಕ್ಕೆ ಗುರುತು ಹಾಕಿರುತ್ತಾರೆ. ತಾಣ ಶುರುವಾದ ಮೇಲೆ ಅದನ್ನು ತೆಗೆಯುವುದು ಮರೆತಿರಬಹುದು. ವರ್ಡ್‌ಪ್ರೆಸ್‌ನಲ್ಲಿ ಇದು ‘ಓದುವಿಕೆ’ ಸೆಟ್ಟಿಂಗ್‌ನಲ್ಲಿದೆ. ಅದು ಸರಿಯಿದ್ದರೆ ಗೂಗಲ್ ತಾಣ ನಡೆಸುವವರಿಗೆ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಒಂದು ಹಳೆಯ ಪುಟದ ವಿಳಾಸ ಕೊಟ್ಟು ಪರಿಶೀಲಿಸಿ. ಸೈಟ್‌ಮ್ಯಾಪ್‌ನಲ್ಲಿ, ಅಂದರೆ ಹುಡುಕು ಯಂತ್ರಗಳಿಗೆ ಕೊಡುವ ಪುಟಗಳ ಪಟ್ಟಿಯಲ್ಲಿ, ಹಳೆಯ ವರ್ಷಗಳೂ ಸೇರಿವೆಯೇ ನೋಡಿ. ನಂತರ ಕೆಲವು ವಾರ ತಾಳ್ಮೆ ಬೇಕು. ದಿನಕ್ಕೊಂದು ಬದಲಾವಣೆ ಮಾಡುತ್ತಾ ಹೋದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ಲಕ್ಷಣ: ಎಲ್ಲಿ ಹುಡುಕಿದರೂ ಬರಹ ಇಲ್ಲ

ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಹಳೆಯ ವಿಳಾಸ ಕೊಟ್ಟು ನೋಡಿ. ಅಲ್ಲಿ 1996ರಿಂದ ಈಚಿನ ಪುಟಗಳ ಪ್ರತಿಗಳಿವೆ. ಬರಹದ ಪುಟ ಇಲ್ಲದಿದ್ದರೂ ವಿಭಾಗದ ಪಟ್ಟಿಪುಟ ಇರಬಹುದು. ಅದರಲ್ಲಿ ಶೀರ್ಷಿಕೆ, ದಿನಾಂಕ ಸಿಕ್ಕರೆ ಮುದ್ರಿತ ಸಂಚಿಕೆಯಲ್ಲಿ ಹುಡುಕಬಹುದು. ಗೂಗಲ್‌ನ ಹಳೆಯ ‘ಕ್ಯಾಶ್’ ಪ್ರತಿಗಳನ್ನು ನೆಚ್ಚಬೇಡಿ, ಆ ಸೌಲಭ್ಯ 2024ರಲ್ಲಿ ನಿಂತಿತು.

ಆಮೇಲೆ ಕಚೇರಿಯ ಮೂಲೆಯ ಕಡೆ ಗಮನ ಕೊಡಿ. ಪುಟವಿನ್ಯಾಸ ಮಾಡುತ್ತಿದ್ದ ಹಳೆಯ ಕಂಪ್ಯೂಟರ್, ಸಿಡಿಗಳ ಡಬ್ಬಿ, ವರದಿಗಾರರ ಮಿಂಚಂಚೆಯ ‘ಕಳುಹಿಸಿದ’ ಪೆಟ್ಟಿಗೆ, ಎಲ್ಲವೂ ಮೂಲಗಳೇ. ವರ್ಷಗಳಿಂದ ಮುಚ್ಚಿಟ್ಟ ಕಂಪ್ಯೂಟರನ್ನು ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಹಾಗೆಯೇ ಚಾಲೂ ಮಾಡಬೇಡಿ. ವಿದ್ಯುತ್ ಸಂಪರ್ಕ ತೆಗೆದು ದೂಳು ಸ್ವಚ್ಛ ಮಾಡಿಸಿ, ಯುಪಿಎಸ್ ಮೂಲಕ, ತಂಪು ಹೊತ್ತಿನಲ್ಲಿ ಚಾಲೂ ಮಾಡಿ. ಹಾರ್ಡ್‌ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬಂದರೆ ಕೂಡಲೇ ಆರಿಸಿ. ಮತ್ತೊಮ್ಮೆ ನೋಡೋಣ ಎಂದು ಪ್ರತಿ ಸಲ ಚಾಲೂ ಮಾಡಿದಾಗಲೂ ಒಳಗಿನ ತಟ್ಟೆಗೆ ಗೀರು ಬೀಳಬಹುದು. ದತ್ತಾಂಶ ಮರಳಿ ಪಡೆಯುವ ಪರಿಣತರಿಗೆ ಕೊಡಿ. ರಿಪೇರಿ ತಂತ್ರಾಂಶವನ್ನು ಅದೇ ಡಿಸ್ಕ್‌ನ ಮೇಲೆ ಓಡಿಸಬೇಡಿ.

ಮರಳಿ ಸಿಕ್ಕ ಎಲ್ಲವನ್ನೂ ಹಾಗೇ ಪ್ರಕಟಿಸುವಂತಿಲ್ಲ. ನ್ಯಾಯಾಲಯದ ಆದೇಶದಿಂದ ಅಥವಾ ಸಂಪಾದಕರ ತೀರ್ಮಾನದಿಂದ ತೆಗೆದಿದ್ದ ಪುಟಗಳು ಸಾಗಣೆಯಲ್ಲಿ ಜೀವ ಪಡೆದು ಬಂದರೆ ಅವಕ್ಕೆ 410 ಹಾಕಿಸಿ. ಹಳೆಯ ಪ್ರತಿಕ್ರಿಯೆಗಳಲ್ಲಿ ಓದುಗರು ಬರೆದ ಮೊಬೈಲ್ ಸಂಖ್ಯೆ, ಮನೆಯ ವಿಳಾಸ ಇದ್ದರೆ ಮರೆಮಾಡಿ. ಬೇರೆ ಸಂಸ್ಥೆಯ ಫೋಟೊ ಒಂದು ಬಾರಿಯ ಬಳಕೆಗೆ ಪಡೆದದ್ದಾಗಿದ್ದರೆ ಅನುಮತಿ ಕೇಳಿ.

ಡೆವಲಪರ್‌ಗೆ ಏನು ಹೇಳಬೇಕು

‘ಹಳೆಯದು ಏನೂ ಬರುತ್ತಿಲ್ಲ ಸರ್, ನೋಡಿ’ ಎಂದು ದೂರವಾಣಿಯಲ್ಲಿ ಹೇಳಿದರೆ ಅವರಿಗೆ ಹಿಡಿತ ಸಿಗುವುದಿಲ್ಲ. ಹಳೆಯ ವಿಳಾಸ, ತೆರೆದಾಗ ಬಂದ ಅಂಕಿ, ಯಾವ ವರ್ಷದ ಬರಹ, ಹಗಲು ಏರಿಸಿದ್ದೋ ರಾತ್ರಿ ಏರಿಸಿದ್ದೋ, ಸಂಪಾದಕರ ಲಾಗಿನ್‌ನಲ್ಲಿ ಕಾಣುತ್ತದೆಯೋ ಇಲ್ಲವೋ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಹಳೆಯ ತಾಣದಲ್ಲಿ ಪ್ರತಿ ವರ್ಷ ಎಷ್ಟು ಬರಹಗಳಿದ್ದವು, ಹೊಸದರಲ್ಲಿ ಎಷ್ಟಿವೆ ಎಂಬ ಪಟ್ಟಿಯನ್ನು ಅವರಿಂದ ಬರಹದಲ್ಲಿ ಪಡೆಯಿರಿ. ವರ್ಷವಾರು ಲೆಕ್ಕ ತಾಳೆಯಾಗದೆ ಕೊನೆಯ ಕಂತಿನ ಹಣ ಕೊಡಬೇಡಿ.

ಎಲ್ಲವನ್ನೂ ಒಮ್ಮೆಗೇ ಸರಿಪಡಿಸಲು ದುಡ್ಡೂ ಜನರೂ ಸಾಲದಿದ್ದರೆ ಸರದಿ ಹೀಗಿರಲಿ. ದೊಡ್ಡಾಟ, ಸಣ್ಣಾಟ, ತೊಗಲುಗೊಂಬೆ, ಜಾತ್ರೆಗಳ ಕಂಪನಿ ನಾಟಕ, ಗಮಕ, ತತ್ವಪದ, ಹಳ್ಳಿಯ ಹವ್ಯಾಸಿ ತಂಡಗಳ ವರದಿಗಳು ಮೊದಲು. ಅದರಲ್ಲೂ ಕಲಾವಿದರ ಹೆಸರುಗಳ ಪಟ್ಟಿಯಿರುವ ಬರಹಗಳು ಎಲ್ಲಕ್ಕಿಂತ ಮೊದಲು. ನಮ್ಮ ಭಾಗದ ಚಿತ್ರಮಂದಿರಗಳ, ಇಲ್ಲಿಂದ ಸಿನಿಮಾಕ್ಕೆ ಹೋದವರ ಬರಹಗಳು ಎರಡನೆಯ ಸರದಿಗೆ. ಬೆಂಗಳೂರಿನಿಂದ ಬಂದ ಚಿತ್ರತಂಡದ ಪತ್ರಿಕಾ ಹೇಳಿಕೆ, ಟ್ರೇಲರ್ ಸುದ್ದಿ, ನಟಿಯರ ಉಡುಪಿನ ಗ್ಯಾಲರಿ ಕೊನೆಗೆ. ಮೊದಲ ಸರದಿಯವನ್ನು ಮರಳಿ ನಿಲ್ಲಿಸಿದ ದಿನವೇ ಪ್ರತಿಯೊಂದರ ವಿಳಾಸವನ್ನೂ ವೇಬ್ಯಾಕ್ ಮಷಿನ್‌ಗೆ ಕೊಟ್ಟು ಒಂದು ಪ್ರತಿ ಉಳಿಸಿ, ಒಂದು ಪಿಡಿಎಫ್ ಮಾಡಿ ಕಚೇರಿಯಲ್ಲಿ ಇಟ್ಟುಕೊಳ್ಳಿ. ಮುಂದಿನ ಮೂರು ತಿಂಗಳು ವಾರಕ್ಕೊಮ್ಮೆ ಸರ್ವರ್ ಲಾಗ್‌ನಲ್ಲಿ (ಯಾವ ಪುಟ ಕೇಳಲಾಯಿತು ಎಂಬ ದಾಖಲೆ) 404 ಬಂದ ವಿಳಾಸಗಳನ್ನು ತೆಗೆಸಿ ನೋಡುತ್ತಿರಿ. ಹೆಚ್ಚು ಸಲ ಕೇಳಲಾದ ವಿಳಾಸಕ್ಕೆ ಮೊದಲು ರೀಡೈರೆಕ್ಟ್ ಹಾಕಿ.